ಯಜಮಾನರು ಬರ್ನರ್ ಆರಿಸಿದ್ದು

ಜಗತ್ತಿನಲ್ಲಿ ಕೊಳ್ಳುವವರು ಬಹಳ, ಆರಿಸುವವರು ಕಡಿಮೆ ಎಂಬುದು ಯಜಮಾನರ ಬಹುಕಾಲದ ದೂರು. ಜನ ಅಂಗಡಿಗೆ ಹೋಗುತ್ತಾರೆ, ಕಣ್ಣಿಗೆ ಬಿದ್ದದ್ದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಾರೆ. ದನವೂ ಹಾಗೇ ಮೇಯುತ್ತದೆ ಎನ್ನುತ್ತಿದ್ದರು ಯಜಮಾನರು. ಆರಿಸುವುದು ಬೇರೆ. ಅದು ತಪಸ್ಸು. ಅದಕ್ಕೆ ಏಕಾಂತ ಬೇಕು, ಏಕಾಗ್ರತೆ ಬೇಕು, ಗೆರೆ ಹಾಕಿದ ಕಾಗದ ಬೇಕು.

ಯಜಮಾನರು (ಹಾಗೆ ಕರೆಯುವುದು ಮನೆಯಲ್ಲಿ ಮಾತ್ರ, ಅದೂ ಅವರು ಎದುರಿಗಿದ್ದಾಗ) ದೊಡ್ಡದೊಂದು ಗ್ರಂಥಾಲಯದಲ್ಲಿ ಕಾರ್ಡು ಬರೆಯುವ ಕೆಲಸದಲ್ಲಿದ್ದರು. ಬಂದ ಪುಸ್ತಕಕ್ಕೆಲ್ಲ ಬರೆದವರ ಹೆಸರಿನಲ್ಲೊಂದು, ಪುಸ್ತಕದ ಹೆಸರಿನಲ್ಲೊಂದು, ವಿಷಯದ ಹೆಸರಿನಲ್ಲೊಂದು ಕಾರ್ಡು. ಅದರ ಕೆಳಮೂಲೆಯಲ್ಲಿ ಇನ್ನೊಂದು ಕಾರ್ಡಿನ ಕಡೆ ಬೆರಳು ತೋರಿಸುವ ಸಾಲು: ‘ಇದನ್ನೂ ನೋಡಿ’. ಇಪ್ಪತ್ತಾರು ವರ್ಷ ಈ ಸಾಲನ್ನು ಬರೆದೂ ಬರೆದೂ ಅದು ಅವರ ರಕ್ತಕ್ಕೇ ಇಳಿದುಬಿಟ್ಟಿತ್ತು. ಸಹೋದ್ಯೋಗಿಗಳು ಅವರ ಬೆನ್ನ ಹಿಂದೆ ‘ಇದನ್ನೂ ನೋಡಿ ಬಂದ್ರು’, ‘ಇದನ್ನೂ ನೋಡಿ ಹೋದ್ರು’ ಎಂದೇ ಮಾತಾಡಿಕೊಳ್ಳುತ್ತಿದ್ದರು. ಯಜಮಾನರಿಗೆ ಅದು ಗೊತ್ತಿತ್ತು. ಅದನ್ನು ಅವರು ಬಿರುದೆಂದು ಭಾವಿಸಿದ್ದರು.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಯಂತ್ರ, ಕತ್ತರಿಸುವ ಹಲಗೆ, ಚೂರು ಬಟ್ಟೆಯ ಬುಟ್ಟಿ. ಉಳಿದ ಚೂರುಗಳನ್ನು ಎಸೆಯಲು ಮನಸ್ಸು ಬಾರದೆ ಮನೆಯ ವಸ್ತುಗಳಿಗೆಲ್ಲ ಅವಳು ಹೊದಿಕೆ ಹೊಲಿದಿದ್ದಳು. ಟೆಲಿಫೋನಿಗೆ ಹೊದಿಕೆ, ಮಿಕ್ಸಿಗೆ ಹೊದಿಕೆ, ಫ್ರಿಜ್ಜಿನ ಹಿಡಿಗೂ ಒಂದು ತೋಳು. (ತಾವು ಒಂದೇ ಕಡೆ ಬಹಳ ಹೊತ್ತು ಕೂತರೆ ತಮ್ಮ ಅಳತೆಯನ್ನೂ ತೆಗೆದಾಳೆಂದು ಯಜಮಾನರಿಗೆ ಒಳಗೊಳಗೇ ಅಳುಕಿತ್ತು.) ಹಿಂದಿನ ಚಿಕ್ಕ ಕೋಣೆಯಲ್ಲಿದ್ದ ಕಂಪ್ಯೂಟರಿಗಂತೂ ಎರಡು ಹೊದಿಕೆ. ಪರದೆಗೆ ಒಂದು, ಅದರ ಪಕ್ಕ ಮೇಜಿನ ಮೇಲೇ ನಿಂತಿದ್ದ ಎತ್ತರದ ಪೆಟ್ಟಿಗೆಗೆ ಇನ್ನೊಂದು. ಬೂದು ಬಟ್ಟೆ, ಸಣ್ಣ ಸಣ್ಣ ನೀಲಿ ಹೂವು, ಮುಂದುಗಡೆ ಮೇಜಿನವರೆಗೂ ಇಳಿಬಿದ್ದ ಅಂಚು. ಬಾಗಿಲಿನಿಂದ ನೋಡಿದರೆ ಯಾರೋ ತಲೆತುಂಬ ಹೊದ್ದುಕೊಂಡು ಮೂಲೆಯಲ್ಲಿ ಕೂತ ಹಾಗೆ ಕಾಣುತ್ತಿತ್ತು.

ಯಾರೋ ಏನು, ಅತ್ತೆಯೇ. ಹೆಂಡತಿಯ ತಾಯಿ ಕೊನೆಯ ಮೂರು ವರ್ಷ ಕಳೆದದ್ದು ಅದೇ ಕೋಣೆಯಲ್ಲಿ. ಕೂರುತ್ತಿದ್ದದ್ದೂ ಅದೇ ಮೂಲೆಯಲ್ಲಿ. ಹೊದೆಯುತ್ತಿದ್ದ ದುಪ್ಪಟಿಯೂ ಅದೇ ಬೂದು ಬಣ್ಣದ್ದು. ಹೊದಿಕೆ ಹೊಲಿದದ್ದು ಅದರಿಂದಲೇ.

ಅತ್ತೆ ಬದುಕಿಡೀ ಹೊಲಿಗೆ ಕಲಿಸಿದವರು. ಆ ಬೀದಿಯಲ್ಲಿ ಕತ್ತರಿ ಹಿಡಿದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಅವರ ಕೈಯಲ್ಲಿ ಬೈಸಿಕೊಂಡವರು. ಕೊನೆಗೆ ಬೆರಳು ನಡುಗಿ ಕತ್ತರಿ ಹಿಡಿಯಲು ಆಗದಾದಾಗ, ಮಗಳು ಕಂಪ್ಯೂಟರಿಗೊಂದು ಮೈಕು ಸಿಕ್ಕಿಸಿ ಅವರನ್ನು ಮಾತಾಡಿಸಿದ್ದಳು. ಹತ್ತು ದಿನ, ದಿನಾ ಅಷ್ಟಷ್ಟು. ಅಂಗಿಯ ತೋಳು ಹೇಗೆ ಕೂರಿಸಬೇಕು, ಕಾಲರು ಯಾಕೆ ಸೊಟ್ಟಗಾಗುತ್ತದೆ, ಯಾರ ಮನೆಯ ಸೊಸೆ ಎಂಥವಳು, ಎಲ್ಲ. ಯಜಮಾನರು ಆ ಹೊತ್ತಿನಲ್ಲಿ ಕಚೇರಿಯಲ್ಲಿರುತ್ತಿದ್ದರು. ಆಮೇಲೂ ಅದನ್ನು ಕೇಳಲು ಅವರಿಗೆ ಪುರುಸೊತ್ತಾಗಿರಲಿಲ್ಲ.

ಅತ್ತೆ ಹೋಗಿ ವರ್ಷ ತುಂಬುವ ಹೊತ್ತಿಗೆ ಕಂಪ್ಯೂಟರಿನೊಳಗಿಂದ ಟಕ್, ಟಕ್ ಎಂಬ ಸದ್ದು ಶುರುವಾಯಿತು. ರಿಪೇರಿಯವನು ಬಂದು ಪೆಟ್ಟಿಗೆಗೆ ಕಿವಿಯಿಟ್ಟು, ವೈದ್ಯರ ಹಾಗೆ ಮುಖ ಸಣ್ಣ ಮಾಡಿಕೊಂಡ.

“ಹಾರ್ಡ್ ಡಿಸ್ಕು ಹೋಗ್ತಾ ಇದೆ ಅಮ್ಮಾ. ಇವತ್ತೋ, ನಾಳೆನೋ, ಇನ್ನೊಂದು ತಿಂಗಳೋ. ಬೇಕಾದ್ದನ್ನ ಬೇಗ ತೆಗೆದು ಇಟ್ಕೊಳ್ಳಿ.”

ಅವನು ಬೀದಿ ಮುಟ್ಟುವ ಮೊದಲೇ ಹೆಂಡತಿ ಯಜಮಾನರ ಮುಂದೆ ನಿಂತಿದ್ದಳು.

“ರೀ, ಅಮ್ಮನ ಮಾತೆಲ್ಲ ಅದರೊಳಗೇ ಇದೆ. ಬೇರೆ ಎಲ್ಲೂ ಇಲ್ಲ. ಒಂದು ಬರ್ನರ್ ತಂದು ಹಾಕ್ಸಿ, ಡಿವಿಡಿ ಡಿಸ್ಕಿಗೆ ಸುಟ್ಟು ಇಳಿಸಿಬಿಡೋಣ.”

“ಒಂದು ಬರ್ನರ್!” ಯಜಮಾನರು ಕನ್ನಡಕ ತೆಗೆದರು. (ಕನ್ನಡಕ ತೆಗೆದರೆ ಭಾಷಣ ಅರ್ಧ ಗಂಟೆ, ಒರೆಸಲು ಶುರುಮಾಡಿದರೆ ಒಂದು ಗಂಟೆ.) “ಒಂದು ಬರ್ನರ್ ಅಂದ್ರೆ ಯಾವುದು?”

“ಸುಡೋದು.”

“ಎಲ್ಲವೂ ಸುಡುತ್ತವೆ. ಪೆಟ್ಟಿಗೆಯ ಒಳಗೆ ಕೂರೋದೋ, ಹೊರಗೆ ಇರೋದೋ? ಪ್ಲಸ್ ಡಿಸ್ಕೋ, ಮೈನಸ್ ಡಿಸ್ಕೋ? ಒಂದೇ ಸಲ ಬರೆಯೋದೋ, ಅಳಿಸಿ ಬರೆಯೋದೋ? ವೇಗ ಎಂಟೋ, ಹದಿನಾರೋ? ದೀಪ ಹಸಿರೋ, ಕಿತ್ತಳೆಯೋ?”

“ದೀಪ ಕಟ್ಕೊಂಡು ಏನ್ರೀ ಮಾಡ್ಲಿ? ಅಮ್ಮನ ಧ್ವನಿ ಉಳಿದ್ರೆ ಸಾಕು.”

“ಇದು ನಿಮ್ಮಮ್ಮನ ಧ್ವನಿಯ ಪ್ರಶ್ನೆ. ಸಿಕ್ಕಿದ್ದರಲ್ಲಿ ಸುಡೋಕಾಗುತ್ತಾ?”

“ಫ್ಯಾನ್ ಆರಿಸಿದ ಹಾಗೆ ಮಾತ್ರ ಆರಿಸ್ಬೇಡಿ.”

ಈ ಮಾತಿಗೆ ಯಜಮಾನರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅತ್ತೆ ಬದುಕಿದ್ದಾಗ ಒಂದು ಬೇಸಗೆಯಲ್ಲಿ ಚಿಕ್ಕ ಕೋಣೆಗೊಂದು ಟೇಬಲ್ ಫ್ಯಾನ್ ಬೇಕು ಎಂದಿದ್ದರು. ಯಜಮಾನರು ಅರುವತ್ತಮೂರು ಕಾರ್ಡು ಬರೆದು, ರೆಕ್ಕೆಯ ಬಾಗು, ಗಾಳಿಯ ಹರವು, ತಿರುಗುವ ಸದ್ದು ಎಲ್ಲವನ್ನೂ ತೂಗಿ ನೋಡಿ, ಅತ್ಯುತ್ತಮವಾದ ಫ್ಯಾನೊಂದನ್ನು ತಂದರು. ತಂದ ದಿನ ಮನೆಯವರೆಲ್ಲ ಸ್ವೆಟರ್ ಹಾಕಿಕೊಂಡಿದ್ದರು. ಅಷ್ಟೂ ದಿನ ಅತ್ತೆ ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ರಟ್ಟಿನ ನಮೂನೆಯೊಂದರಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಮುಂದಿನ ಬೇಸಗೆಗೆ ಅವರು ಇರಲಿಲ್ಲ.

“ತೀರ್ಮಾನ ಆಗೋವರೆಗೆ,” ಯಜಮಾನರು ಫರ್ಮಾನು ಹೊರಡಿಸಿದರು, “ಆ ಯಂತ್ರಕ್ಕೆ ಸಂಪೂರ್ಣ ವಿಶ್ರಾಂತಿ. ಯಾರೂ ಸ್ವಿಚ್ ಹಾಕಕೂಡದು.”

“ಆಯ್ತು,” ಎಂದಳು ಹೆಂಡತಿ.

(ಮದುವೆಯಾದವರಿಗೆ ಗೊತ್ತಿರುವಂತೆ ‘ಆಯ್ತು’ಗಳಲ್ಲಿ ಎರಡು ಬಗೆ. ಕಾರ್ಡು ಬರೆಯುವುದನ್ನೇ ಕಸುಬು ಮಾಡಿಕೊಂಡ ಯಜಮಾನರು ಈ ಎರಡನ್ನು ಮಾತ್ರ ಬೇರೆ ಬೇರೆ ಡಬ್ಬಿಗೆ ಹಾಕಿರಲಿಲ್ಲ.)

ಆ ತಿಂಗಳು ಗ್ರಂಥಾಲಯಕ್ಕೆ ಬಣ್ಣ ಬಳಿಯುತ್ತಿದ್ದರಿಂದ ಮಧ್ಯಾಹ್ನಕ್ಕೇ ಬಿಡುತ್ತಿದ್ದರು. ಯಜಮಾನರು ನೇರ ಕಂಪ್ಯೂಟರ್ ಅಂಗಡಿಗಳಿಗೆ ನುಗ್ಗಿ, ಡಬ್ಬಿಗಳ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಬರೆದುಕೊಂಡು, ಮನೆಗೆ ಬಂದು ಕಾರ್ಡಿಗೆ ಇಳಿಸುತ್ತಿದ್ದರು. ಮೂರನೆಯ ವಾರಕ್ಕೆ ಕಾರ್ಡು ನೂರು ದಾಟಿತು. ಅವರು ಮನೆ ಸೇರುವ ಹೊತ್ತಿಗೆ ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿರುತ್ತಿದ್ದಳು, ಬರುವುದು ಐದಕ್ಕೆ. ನಾಲ್ಕರಿಂದ ಐದರವರೆಗೆ ಮನೆಯಲ್ಲಿ ಅವರು, ಅವರ ಕಾರ್ಡು, ಮತ್ತು ತೆರೆದ ಬಾಗಿಲಾಚೆ ಚಿಕ್ಕ ಕೋಣೆಯಲ್ಲಿ ಹೊದ್ದು ಕೂತ ಆ ಬೂದು ಆಕಾರ.

ಅದು ಅಲ್ಲಾಡಿದ್ದು ಮೊದಲು ಅವರ ಕಣ್ಣಿಗೆ ಬಿದ್ದದ್ದು ಒಂದು ಸೋಮವಾರ.

ಯಜಮಾನರು ತೊಂಬತ್ತೆಂಟನೆಯ ಕಾರ್ಡಿಗೆ ‘ಇದನ್ನೂ ನೋಡಿ’ ಬರೆಯುತ್ತಿದ್ದರು. ಕಣ್ಣಂಚಿನಲ್ಲಿ ಏನೋ ಸರಿದಂತಾಯಿತು. ತಲೆ ಎತ್ತಿದರು. ಕಿಟಕಿ ಮುಚ್ಚಿತ್ತು, ಅದರ ಪರದೆ ನೆಟ್ಟಗಿತ್ತು, ಬೀದಿಯಲ್ಲಿ ಒಂದು ಸೈಕಲ್ಲಿನ ಗಂಟೆಯೂ ಇರಲಿಲ್ಲ. ಆದರೆ ಪೆಟ್ಟಿಗೆಯ ಹೊದಿಕೆ, ಮುಖವಿದ್ದರೆ ಬಾಯಿ ಇರಬೇಕಾದ ಜಾಗದಲ್ಲಿ, ಮೆಲ್ಲಗೆ ಮುಂದಕ್ಕೆ ಉಬ್ಬುತ್ತಿತ್ತು. ನೀಲಿ ಹೂವೊಂದು ಮಿಕ್ಕವನ್ನು ಬಿಟ್ಟು ಒಂದು ಗೇಣು ಮುಂದೆ ಬಂತು. ಬಟ್ಟೆಯೊಳಗಿಂದ ಯಾರೋ ನಾಲಿಗೆ ಚಾಚಿದ ಹಾಗೆ. ಚಾಚಿದ್ದು ಒಳಗೆ ಹೋಗಲಿಲ್ಲ. ಹಾಗೇ ನಿಂತಿತು.

ಯಜಮಾನರು ನೋಡಿದರು. ಅದೂ ನೋಡಿತು.

ಅವರು ಎದ್ದು, ಶಬ್ದವಾಗದಂತೆ ಚಪ್ಪಲಿ ಮೆಟ್ಟಿಕೊಂಡು, ಹೆಂಡತಿ ಬರುವವರೆಗೆ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕಿದರು. (ಅಲ್ಲಿದ್ದದ್ದು ಒಂದೇ ಗಿಡ. ಅದು ಆ ವಾರ ಕೊಳೆತುಹೋಯಿತು.) ಹೆಂಡತಿ ಬಂದಮೇಲೆ ಅವಳ ಬೆನ್ನ ಹಿಂದೆಯೇ ಒಳಹೊಕ್ಕು, ಬಾಯಿ ಮುಕ್ಕಳಿಸುವ ನೆಪದಲ್ಲಿ ಒಂದೈದು ನಿಮಿಷ ಬಚ್ಚಲಲ್ಲಿ ನಿಂತು, ಆಮೇಲೆ ಚಿಕ್ಕ ಕೋಣೆಗೆ ಇಣುಕಿದರು. ಹೊದಿಕೆ ಚಪ್ಪಟೆಯಾಗಿತ್ತು.

ಮಂಗಳವಾರವೂ ಹಾಗೇ. ಬುಧವಾರವೂ ಹಾಗೇ. ನಾಲ್ಕು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ದುಂಬಿ ಗೋಡೆಯೊಳಗೆ ಸಿಕ್ಕಿಕೊಂಡಂಥ ಸದ್ದೊಂದು ಏರಿ, ಇಳಿದು, ನಿಲ್ಲುತ್ತಿತ್ತು. ಮರುಕ್ಷಣ ನಾಲಿಗೆ. ಸ್ವಿಚ್ ಹಾಕದ ಯಂತ್ರ! ಪರದೆಯ ಹೊದಿಕೆಯಡಿ ಒಂದು ಚೂರು ಬೆಳಕಿಲ್ಲ! ಯಜಮಾನರ ಕಾರ್ಡುಗಳಲ್ಲಿ ಈ ವಿಷಯಕ್ಕೆ ಡಬ್ಬಿಯೇ ಇರಲಿಲ್ಲ.

“ಕೇಳಿದ್ಯಾ,” ಬುಧವಾರ ಊಟದ ಹೊತ್ತಿನಲ್ಲಿ ಕೇಳಿದರು, “ಆ ಕೋಣೆಯ ಹೊದಿಕೆ ಏನಾದ್ರೂ ಅಲ್ಲಾಡುತ್ತಾ?”

ಹೆಂಡತಿ ಒಂದು ಗಳಿಗೆ ಅವರನ್ನೇ ನೋಡಿದಳು. “ಗಾಳಿ ಇರ್ಬೇಕು.”

“ಕಿಟಕಿ ಮುಚ್ಚಿತ್ತು.”

“ಹಾಗಾದ್ರೆ ತೆಗೀರಿ, ಗಾಳಿ ಬರ್ಲಿ. ಬರ್ನರ್ ಎಲ್ಲಿಗೆ ಬಂತು?”

“ಅಂತಿಮ ಸುತ್ತು. ಇಪ್ಪತ್ತೆರಡು ಉಳಿದಿವೆ.”

“ಅಮ್ಮ ಇದ್ದಿದ್ರೆ ನಕ್ಕಿರೋರು,” ಎಂದಳು ಹೆಂಡತಿ.

ಯಜಮಾನರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಆಕೆ ಇದ್ದಿದ್ದರೆ. ಅಂದರೆ ಇಲ್ಲ ಎಂದು ತಾನೇ ಅರ್ಥ?

ಗುರುವಾರ ಯಜಮಾನರು ಸಿದ್ಧರಾಗಿ ಬಂದರು. ತಾವು ವಿಚಾರವಂತರು, ಇಪ್ಪತ್ತಾರು ವರ್ಷ ವಿಜ್ಞಾನದ ಪುಸ್ತಕಗಳ ಬೆನ್ನು ತಡವಿದವರು, ಬಟ್ಟೆಯ ಉಬ್ಬಿಗೆ ಬೆದರಿ ಗಿಡ ಕೊಳೆಸುವುದು ತಮಗೆ ಶೋಭಿಸದು ಎಂದು ದಾರಿಯಲ್ಲೇ ತಮಗೆ ತಾವು ಉಪನ್ಯಾಸ ಮಾಡಿಕೊಂಡಿದ್ದರು. ದುಂಬಿ ಹಾಡಿತು. ನಿಂತಿತು. ನಾಲಿಗೆ ಬಂತು. ಯಜಮಾನರು ಛತ್ರಿಯನ್ನು ಈಟಿಯಂತೆ ಹಿಡಿದು, ಹೊಸ್ತಿಲಾಚೆ ಒಂದು ಕಾಲನ್ನೂ ಹೊಸ್ತಿಲೀಚೆ ಇನ್ನೊಂದನ್ನೂ (ಓಡಲೆಂದು) ಇಟ್ಟುಕೊಂಡು, ತೋಳು ಆದಷ್ಟು ಚಾಚಿ ಛತ್ರಿಯ ತುದಿಯಿಂದ ಆ ನೀಲಿ ಹೂವನ್ನು ಒತ್ತಿದರು.

ಅದು ಒಳಗೆ ಹೋಯಿತು. ಎಷ್ಟು ವಿಧೇಯವಾಗಿ ಹೋಯಿತೆಂದರೆ ಯಜಮಾನರು ಮುಗುಳ್ನಕ್ಕರು. “ಇಷ್ಟೇ,” ಎಂದರು ಗಟ್ಟಿಯಾಗಿ. “ಇದಕ್ಕೆ ನಾನು—”

ಒಳಗೆ ಏನೋ ತಿರುಗತೊಡಗಿತು. ಆಮೇಲೆ ಕೆಮ್ಮು. ಯಜಮಾನರು ಚೆನ್ನಾಗಿ ಬಲ್ಲ ಕೆಮ್ಮು.

“ಇಲ್ಲೇ ಮಾತಾಡ್ಬೇಕಾ?” ಎಂದರು ಅತ್ತೆ.

ಯಜಮಾನರ ಕೈಯ ಛತ್ರಿ ತಾನಾಗಿ ಬಿಚ್ಚಿಕೊಂಡಿತು.

“ಕೇಳಿಸ್ತಾ ಇದೆಯಾ?... ಯಾರಿದ್ದೀರಿ ಅಲ್ಲಿ?... ಅಳಿಯಂದಿರು ಬಂದ್ರಾ?” ಉಸಿರು. ಬಟ್ಟೆ ಸರಿದ ಸದ್ದು. “ಇನ್ನೂ ಆರಿಸ್ತಾನೇ ಇದ್ದಾರಾ? ಅಯ್ಯೋ ದೇವರೇ. ನಾನು ಇನ್ನೆಷ್ಟು ದಿನ ಹೀಗೆ ಕೂತಿರ್ಬೇಕು?”

ಬಿಚ್ಚಿದ ಛತ್ರಿಯ ಸಮೇತ ಯಜಮಾನರು ಮುಂಬಾಗಿಲನ್ನು ದಾಟಿದ್ದು ಹೇಗೆಂದು ಇಂದಿಗೂ ತಿಳಿಯದು. ಬಾಗಿಲು ಛತ್ರಿಗಿಂತ ಕಿರಿದು. ಬಿಸಿಲಿನ ಬೀದಿಗೆ ಬಿದ್ದು ಹತ್ತು ಹೆಜ್ಜೆ ನಡೆದಮೇಲೆ ಉಸಿರು ಬಂತು. ಮನೆಯ ಧ್ವನಿ ಮನೆಯಲ್ಲೇ ಉಳಿಯಿತು ಎಂದುಕೊಂಡರು. ಆಗ ಪಕ್ಕದ ಮನೆಯ ಕಿಟಕಿಯಿಂದ, ಹೊಲಿಗೆ ಯಂತ್ರದ ಕಟಕಟದ ಮೇಲೆ ಕೂತು, ಅದೇ ಧ್ವನಿ ಬಂತು:

“ಎಷ್ಟು ಸಲ ಅಳೀತೀರಿ? ಬಟ್ಟೆ ಹಳೇದಾಗುತ್ತೆ!”

ಯಜಮಾನರು ರಸ್ತೆ ದಾಟಿ ಆ ಬದಿಗೆ ಹೋದರು. ಅಲ್ಲಿ ಪರದೆ ಹಾಕಿದ ಒಂದು ಕಿಟಕಿ.

“ಕೈ ಯಾಕೆ ನಡುಗುತ್ತೆ? ಹೆದರಿದವರು ಕತ್ತರಿ ಹಿಡೀಬಾರ್ದು.”

ಅವರು ಓಡಲಿಲ್ಲ. ಗಣ್ಯರು ಓಡುವುದಿಲ್ಲ. ಬಹಳ ವೇಗವಾಗಿ ನಡೆದರು. ಮೂಲೆಯ ದರ್ಜಿ ಅಂಗಡಿಯಲ್ಲಿ ಇಬ್ಬರು ಹೆಂಗಸರು ತಲೆ ತಗ್ಗಿಸಿ ಬಟ್ಟೆಗೆ ಗುರುತು ಹಾಕುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿರಲಿಲ್ಲ. ಆದರೂ ಅಂಗಡಿಯ ಒಳಗಿನಿಂದ, ಬೀದಿಗೆಲ್ಲ ಕೇಳುವಂತೆ:

“ಅಳೆದದ್ದು ಸಾಕು! ಕತ್ತರಿ ಹಾಕಿ!”

ಹೆಂಗಸರಲ್ಲೊಬ್ಬಳು ತಲೆ ಎತ್ತಿ ಯಜಮಾನರನ್ನು ನೋಡಿ ಪರಿಚಯದ ನಗೆ ನಕ್ಕಳು. ಮೋಡವಿಲ್ಲದ ಆಕಾಶದಡಿ ಬಿಚ್ಚಿದ ಛತ್ರಿ ಹಿಡಿದು, ಬಾಯಿ ತೆರೆದು ನಿಂತ ಯಜಮಾನರಿಗೆ ಸಮಸ್ತವೂ ಹೊಳೆಯಿತು. ಅತ್ತೆ ಯಂತ್ರದೊಳಗೆ ಸಿಕ್ಕಿಕೊಂಡಿದ್ದಾರೆ. ಯಂತ್ರ ಸಾಯುತ್ತಿದೆ. ಹೊರಬರಲು ದಾರಿ ಒಂದೇ. ಆ ದಾರಿಯನ್ನು ತರಬೇಕಾದ ಅಳಿಯ ಮೂರು ವಾರದಿಂದ ದೀಪದ ಬಣ್ಣ ನೋಡುತ್ತಿದ್ದಾನೆ. ಅದಕ್ಕೇ ಅವರು ಬೀದಿ ಬೀದಿ ಅಲೆಯುತ್ತಿದ್ದಾರೆ.

ಕಂಪ್ಯೂಟರ್ ಸಾಮಾನಿನ ಅಂಗಡಿಯಾಕೆ ಮೂರು ವಾರದಿಂದ ಯಜಮಾನರನ್ನು ಬಲ್ಲವಳು. ಅವರನ್ನು ಕಂಡಕೂಡಲೇ ಅಭ್ಯಾಸದಂತೆ ಕುರ್ಚಿ ಸರಿಸಿ, ಸಣ್ಣ ಅಕ್ಷರ ಓದುವ ಭೂತಗನ್ನಡಿಯನ್ನು ಮುಂದೆ ನೂಕಿದಳು.

“ಬರ್ನರ್ ಕೊಡಿ,” ಎಂದರು ಯಜಮಾನರು.

“ಯಾವುದರ ಡಬ್ಬಿ ಓದ್ತೀರಿ ಇವತ್ತು?”

“ಓದೋದಿಲ್ಲ. ಕೊಡಿ.”

“ಯಾವುದು ಸಾರ್?”

“ನಿಮ್ಮ ಕೈಗೆ ಯಾವುದು ಹತ್ತಿರ ಇದೆಯೋ ಅದು!”

ಅಂಗಡಿಯಾಕೆ ಕನ್ನಡಕದ ಮೇಲಿನಿಂದ ನೋಡಿದಳು. “ಇನ್ನೊಂದಾ ಸಾರ್? ಯಾಕೆ, ನಿಮ್ಮನೆಯವರು—”

“ನಮ್ಮನೆಯವರು ಬೀದಿಯಲ್ಲೆಲ್ಲ ಮಾತಾಡ್ತಾ ಇದ್ದಾರೆ!” ಯಜಮಾನರು ಗದ್ಗದರಾದರು. “ದಯವಿಟ್ಟು ಕೊಡಿ.”

ಅಂಗಡಿಯಾಕೆ ಮತ್ತೇನೂ ಕೇಳದೆ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಇಂಥ ಗಿರಾಕಿಗಳಿಗೆ ಎದುರಾಡಬಾರದು ಎಂಬುದು ಅವಳ ಅನುಭವ.

ಯಜಮಾನರು ಮನೆಗೆ ಮರಳಿದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಬಾಗಿಲು ಅವರು ಬಿಟ್ಟುಹೋದಂತೆಯೇ ಹಾರುಹೊಡೆದಿತ್ತು. ಒಳಗೆ ಅತ್ತೆ ಮಾತಾಡುತ್ತಲೇ ಇದ್ದರು. ಯಾರೂ ಇಲ್ಲದ ಮನೆಯಲ್ಲಿ, ಯಾರಿಗೋ, ಸಮಾಧಾನವಾಗಿ. ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದರು; ಎದುರಿಗಿದ್ದವರ ಉತ್ತರ ಕೇಳಿಸಿಕೊಳ್ಳುವವರಂತೆ ‘ಹ್ಞೂಂ’ ಎನ್ನುತ್ತಿದ್ದರು; ಮತ್ತೆ ಮುಂದುವರಿಸುತ್ತಿದ್ದರು.

ಯಜಮಾನರು ಡಬ್ಬಿಯನ್ನು ಎದೆಗವಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಚಿಕ್ಕ ಕೋಣೆಯ ಹೊಸ್ತಿಲಿಗೆ ಬಂದರು.

“ತಂದಿದ್ದೀನಿ ಅತ್ತೆ,” ಎಂದರು. ಧ್ವನಿ ಅವರದೆಂದು ಅವರಿಗೇ ಗುರುತು ಸಿಗಲಿಲ್ಲ. “ಆರಿಸಿ ಆಯ್ತು.”

“ಎಲ್ಲಿ, ತೋರ್ಸು,” ಎಂದರು ಅತ್ತೆ.

ಅಷ್ಟೇ. ಯಜಮಾನರ ವಿಚಾರವಂತಿಕೆಯ ಕೊನೆಯ ನೂಲು ಹರಿಯಿತು. ಕಣ್ಣು ಮುಚ್ಚಿ ಗೋಡೆಗೆ ಹಾರಿ, ಕೈಗೆ ಸಿಕ್ಕ ವೈರುಗಳನ್ನೆಲ್ಲ ಒಟ್ಟಿಗೆ ಹಿಡಿದು ಕಿತ್ತರು. ಧ್ವನಿ ಮಾತಿನ ನಡುವೆ ತುಂಡಾಯಿತು. ಪೆಟ್ಟಿಗೆಯೊಳಗೆ ಒಂದು ಟಕ್. ಇನ್ನೊಂದು ಟಕ್, ಮೊದಲಿನದಕ್ಕಿಂತ ನಿಧಾನ. ಮತ್ತೆ ಏನೂ ಇಲ್ಲ.

ಆ ಮೌನದಲ್ಲಿ ಯಜಮಾನರ ತಲೆ ಒಂದು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ಕೆಲಸ ಮಾಡಿತು. ವೈರು ಕಿತ್ತಾಗ ನಿಂತಿತು ಎಂದರೆ ಕೀಳುವವರೆಗೆ ಅದು ಚಾಲೂ ಇತ್ತು. ಬರೀ ಪರದೆ ಆರಿಸಿತ್ತು. ಅಂದರೆ ಮಾತಾಡಿದ್ದು ಹೆಂಡತಿ ಹಿಡಿದಿಟ್ಟ ಮಾತು. ಅಂದರೆ... ಅವರು ವೈರುಗಳನ್ನು ಮತ್ತೆ ಸಿಕ್ಕಿಸಿ, ಪೆಟ್ಟಿಗೆಯ ಹೊದಿಕೆಯಡಿ ಕೈ ತೂರಿಸಿ ಸ್ವಿಚ್ ಒತ್ತಿ, ಪರದೆಯ ಹೊದಿಕೆ ಸರಿಸಿ ಅದನ್ನು ಹಚ್ಚಿದರು. ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಿಳಿ ಅಕ್ಷರ ಬಂತು: ಹಾರ್ಡ್ ಡಿಸ್ಕು ಸಿಗುತ್ತಿಲ್ಲ. ಇನ್ನೊಮ್ಮೆ ಒತ್ತಿದರು. ಅದೇ ಸಾಲು. ನಾಲ್ಕನೆಯ ಸಲಕ್ಕೆ ಅವರು ಅತ್ತೆಯ ಮೂಲೆಯಲ್ಲಿ ನೆಲದ ಮೇಲೆ ಕೂತರು. ಫ್ಯಾನು ತಡವಾಯಿತು, ಅದು ಹೋಗಲಿ. ಇದು ತಡವೂ ಅಲ್ಲ. ಇದನ್ನು ತಾವೇ, ತಮ್ಮ ಕೈಯಾರೆ, ಕಣ್ಣು ಮುಚ್ಚಿಕೊಂಡು ಕಿತ್ತು ಎಸೆದದ್ದು.

ಹೆಂಡತಿ ಬಂದಾಗ ಅವರು ಹಾಗೇ ಕೂತಿದ್ದರು.

“ಏನ್ರೀ ಇದು? ಮುಂಬಾಗಿಲು ತೆಗೆದು, ಛತ್ರಿ ಬಿಚ್ಚಿ—”

“ನಿಮ್ಮಮ್ಮ ಹೋದ್ರು,” ಎಂದರು ಯಜಮಾನರು.

“ಹೋಗಿ ವರ್ಷ ಆಯ್ತಲ್ರೀ!”

“ಈಗ ಹೋದ್ರು. ನಾನೇ ವೈರ್ ಕಿತ್ತೆ. ಎಲ್ಲ ಹೋಯ್ತು. ನೀನು ಮೊದಲನೇ ದಿನವೇ ಹೇಳಿದ್ದೆ. ನಾನು...” ಕನ್ನಡಕ ತೆಗೆದರು. ಭಾಷಣಕ್ಕಲ್ಲ.

ಹೆಂಡತಿ ಅವರ ಮುಖವನ್ನೂ, ಪರದೆಯ ಬಿಳಿ ಸಾಲನ್ನೂ, ನೆಲದ ಮೇಲಿನ ಹೊಸ ಡಬ್ಬಿಯನ್ನೂ ನೋಡಿದಳು. ಕೈಚೀಲ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತಳು.

“ಅಮ್ಮ ಎಲ್ಲಿಗೂ ಹೋಗಿಲ್ಲ. ಹದಿನೆಂಟು ಮನೆಯಲ್ಲಿ ಇದ್ದಾರೆ.”

ಹದಿನೆಂಟು ಎಂಬ ಸಂಖ್ಯೆಗೆ ಯಜಮಾನರು ಇನ್ನಷ್ಟು ಬಿಳಿಚಿಕೊಂಡರು. ಹೆಂಡತಿ ಎದ್ದು ಬೂದು ಹೊದಿಕೆಯನ್ನು ಮೇಲಕ್ಕೆತ್ತಿದಳು. ಪೆಟ್ಟಿಗೆಯ ಎದೆಯಲ್ಲಿ ಹೊಚ್ಚಹೊಸ ಕರಿಯ ಬರ್ನರ್ ಒಂದು ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಯಜಮಾನರಿಗೆ ಅದರ ಗುರುತು ಥಟ್ಟನೆ ಹತ್ತಿತು. ಹನ್ನೊಂದನೆಯ ಕಾರ್ಡು. ಮೊದಲ ಸುತ್ತಿನಲ್ಲೇ ತಿರಸ್ಕೃತ. ಕಾರಣ: ದೀಪ ಗಂಭೀರವಾಗಿಲ್ಲ.

“ನೀವು ಆರಿಸ್ತೀನಿ ಅಂದ ಮಾರನೇ ದಿನವೇ ತಂದೆ. ರಿಪೇರಿಯವನು ಕೂರಿಸಿಕೊಟ್ಟ.”

“ಯಾವುದಕ್ಕೆ ಹೋಲಿಸಿ ತಂದೆ?”

“ಅಂಗಡಿಯಾಕೆ ಕೊಟ್ಟಳು, ತಂದೆ. ಮೊದಲ ಸಂಜೆಯೇ ಅಮ್ಮನ ಮಾತೆಲ್ಲ ಇಳಿಸಿಕೊಂಡೆ. ಆಮೇಲೆ ಅಮ್ಮನ ಹತ್ತಿರ ಕಲಿತವರೆಲ್ಲ ನಮಗೂ ಒಂದು, ನಮಗೂ ಒಂದು ಅಂತ ಕೇಳಿದ್ರು. ದಿನಾ ಬಟ್ಟೆ ಕೊಡೋಕೆ ಹೋಗೋವಾಗ ಒಂದು ಹಚ್ಚಿ ಹೋಗ್ತಿದ್ದೆ. ಸುಟ್ಟು ಮುಗಿದ ಕೂಡಲೇ ಅದು ತಟ್ಟೆ ತಾನೇ ಹೊರಗೆ ಚಾಚುತ್ತೆ. ಬಂದು ತಗೊಳ್ತಿದ್ದೆ. ಒಳಕ್ಕೆ ತಳ್ಳಿದ್ರೆ ಹಾಡೋಕೆ ಶುರು ಮಾಡುತ್ತೆ. ನೀವು ತಳ್ಳಿದ್ರಾ?”

“ಛತ್ರಿಯಲ್ಲಿ,” ಎಂದರು ಯಜಮಾನರು.

ಹೆಂಡತಿ ತುಟಿ ಕಚ್ಚಿಕೊಂಡಳು. ಪ್ರಯೋಜನವಾಗಲಿಲ್ಲ. ನಕ್ಕಳು, ನಕ್ಕಳು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ಕಳಚಿ ಬೀಳುವವರೆಗೆ ನಕ್ಕಳು.

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ವಾಪಸ್ ಕೊಟ್ಟು ಬಾ ಅಂತಿದ್ರಿ. ಅಲ್ಲದೆ ನೀವು ಕಾರ್ಡು ಬರ್ಕೊಂಡು ಎಷ್ಟು ಖುಷಿಯಾಗಿದ್ರಿ! ಅದನ್ನ ಯಾಕೆ ಹಾಳುಮಾಡ್ಲಿ ಅಂತ ಸುಮ್ಮನಿದ್ದೆ.”

ಧ್ವನಿ ಉಳಿಯಿತೆಂಬ ನೆಮ್ಮದಿ ಯಜಮಾನರಿಗೆ ಸುಮಾರು ಎರಡು ನಿಮಿಷ ಇತ್ತು. ಆಮೇಲೆ ಮಾನ ನೆನಪಾಯಿತು. ಅವರು ಎದ್ದು ನಿಂತು ಧೂಳು ಕೊಡವಿಕೊಂಡರು. ಮುಂದಿನ ಕೋಣೆಗೆ ಹೋದ ಹೆಂಡತಿಯ ಹಿಂದೆಯೇ ಹೋಗಿ, ಬಾಗಿಲಲ್ಲಿ ನಿಂತು, ಕನ್ನಡಕ ಒರೆಸಲು ಶುರುಮಾಡಿದರು.

“ನಗು. ನಗಬೇಕಾದ್ದೇ. ಆದ್ರೆ ಒಂದು ತಿಳ್ಕೋ. ನಾನು ನಿಧಾನ ಇರಬಹುದು. ಆರಿಸಿದ್ದು ಯಾವತ್ತೂ ತಪ್ಪಿಲ್ಲ. ನಿನ್ನನ್ನೇ ತಗೋ. ಮದುವೆಗೆ ಮುಂಚೆ ಎರಡು ವರ್ಷ ಯೋಚಿಸಿದೆ. ಮನೆಯವರು ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ಎಲ್ಲ ಕಡೆಯಿಂದಲೂ ತೂಗಿ ನೋಡಿ, ನಾನಾಗಿ, ಸ್ವತಂತ್ರವಾಗಿ ತೀರ್ಮಾನ ಮಾಡಿದೆ. ಇವತ್ತಿಗೂ ಆ ತೀರ್ಮಾನ—”

ಹೆಂಡತಿಯ ನಗು ನಿಂತಿತ್ತು. ಅವಳು ಅವರನ್ನು ವಿಚಿತ್ರವಾಗಿ, ಸ್ವಲ್ಪ ಕನಿಕರದಿಂದ ನೋಡುತ್ತಿದ್ದಳು.

“ಎರಡನೇ ಡಿಸ್ಕು ಒಂದಿದೆ,” ಎಂದಳು. “ಅದನ್ನ ಯಾರಿಗೂ ಕೊಟ್ಟಿಲ್ಲ. ನಿಮಗೆ ಕೇಳಿಸಬಾರದು ಅಂತಿದ್ದೆ.”

ಹೊಲಿಗೆ ಯಂತ್ರದ ಪಕ್ಕದ ಪುಟ್ಟ ಪ್ಲೇಯರಿಗೆ (ಅದಕ್ಕೂ ಹೊದಿಕೆ) ಡಿಸ್ಕು ಹಾಕಿ, ಎಲ್ಲಿದೆಯೆಂದು ಗೊತ್ತಿದ್ದವಳ ಹಾಗೆ ಮುಂದಕ್ಕೆ ಓಡಿಸಿ ಬಿಟ್ಟಳು. ಕೆಮ್ಮು. ಆಮೇಲೆ ಅತ್ತೆ.

“ಫ್ಯಾನ್ ಆರಿಸ್ತಾ ಇದ್ರೆ ಆರಿಸ್ಲಿ ಬಿಡೇ. ಒಳ್ಳೆಯವರು. ಅವರು ಆರಿಸ್ತಾ ಇರ್ತಾರೆ, ನೀನು ತಂದುಬಿಡು. ನಾವು ಮದುವೆಗೆ ಮಾಡಿದ್ದೂ ಅದನ್ನೇ ಅಲ್ವಾ? ಅವರಮ್ಮನೂ ನಾನೂ ಮಾತಾಡಿ ಮುಗಿಸಿ, ನಿನ್ನ ಮದುವೆ ಬಟ್ಟೆಗೆ ನಾನು ಕತ್ತರಿ ಹಾಕಿ, ಹೊಲಿದು, ಮಡಿಚಿ ಇಟ್ಟು ಒಂದು ವರ್ಷ ಆಗಿತ್ತು. ಅಷ್ಟು ಹೊತ್ತಿಗೆ ಈ ಮಹರಾಯರು ಬಂದು, ‘ನಾನೊಂದು ತೀರ್ಮಾನಕ್ಕೆ ಬಂದಿದ್ದೀನಿ’ ಅಂದ್ರು! ಅವರಮ್ಮ ಆಶ್ಚರ್ಯಪಟ್ಟ ಹಾಗೆ ಎಷ್ಟು ಚೆನ್ನಾಗಿ ಮಾಡಿದ್ರು ಗೊತ್ತಾ? ನನಗೆ ನಗು ತಡೆಯೋಕಾಗದೆ ಒಳಗೆ ಎದ್ದುಹೋದೆ.”

ಡಿಸ್ಕಿನೊಳಗೆ ಇಬ್ಬರು ನಕ್ಕರು. ಒಂದು ನಗು ಅತ್ತೆಯದು. ಇನ್ನೊಂದು, ಹೊಲಿಗೆ ಯಂತ್ರದ ಮುಂದೆ ಈಗ ತಲೆ ತಗ್ಗಿಸಿ ಕೂತವಳದು.

“ನಿನಗೆ ಗೊತ್ತಿತ್ತಾ?” ಎಂದರು ಯಜಮಾನರು.

“ಬಟ್ಟೆಗೆ ಅಳತೆ ಕೊಟ್ಟಿದ್ದು ನಾನೇ ಅಲ್ವೇನ್ರೀ?”

ಯಜಮಾನರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಡಿಸ್ಕಿನಲ್ಲಿ ನಗು ಇಳಿಯಿತು. ಬಟ್ಟೆ ಸರಿದ ಸದ್ದು. ಅತ್ತೆಯ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು, ಹತ್ತಿರ ಬಂತು.

“ಸಾಕು, ನಿಲ್ಸು. ಅಳಿಯಂದಿರು ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಾ ಇದ್ದಾರೆ.”

ಪ್ಲೇಯರ್ ಸುಮ್ಮನಾಯಿತು. ಹೆಂಡತಿ ಮೆಲ್ಲಗೆ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಅವಳ ಕೈಯ ಕತ್ತರಿ ಅರ್ಧ ತೆರೆದೇ ನಿಂತಿತ್ತು.

“ಆವತ್ತು ನೀವು ಕಚೇರಿಗೆ ಹೋಗಿದ್ರಿ,” ಎಂದಳು, ಪಿಸುಮಾತಿನಲ್ಲಿ. “ಬಾಗಿಲಲ್ಲಿ ಯಾರೂ ಇರ್ಲಿಲ್ಲ.”

ಯಜಮಾನರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಹಿರಿಯರ ಮಾತಿನ ನಡುವೆ ಸಿಕ್ಕಿಬಿದ್ದವರ ವಿನಯದಿಂದ, ಹೊರಗಿನಿಂದ ಬಾಗಿಲನ್ನು ಮೆತ್ತಗೆ ಎಳೆದುಕೊಂಡರು.